ಏಳನೆಯ ಅಧ್ಯಾಯದ ಕೊನೆ

ಇನ್ನೊಮ್ಮೆ ಎಣಿಸಿದ. ಕೈಬರಹದ ಹಾಳೆಗಳು ಹದಿನಾರೇ ಇದ್ದವು. ಪುಸ್ತಕದಲ್ಲಿ ಮಾತ್ರ ಏಳನೆಯ ಅಧ್ಯಾಯ ಹದಿನಾಲ್ಕನೆಯ ಹಾಳೆಯ ಕೊನೆಯ ಸಾಲಿಗೇ ಮುಗಿದುಹೋಗಿತ್ತು.

‘ಅವಳು ನೀರಿನ ಲೋಟ ಹಿಡಿದು ಬಾಗಿಲ ತನಕ ಬಂದಳು.’ ಅಷ್ಟೇ. ಅದರ ಕೆಳಗೆ ಅರ್ಧ ಪುಟ ಖಾಲಿ. ಎದುರು ಪುಟದಲ್ಲಿ ಎಂಟನೆಯ ಅಧ್ಯಾಯ ಏನೂ ಆಗದವರ ಹಾಗೆ ಶುರುವಾಗಿತ್ತು.

ನೆಲದ ಮೇಲೆ ಕುಳಿತು ಕುಳಿತು ಕಾಲು ಜೋಮು ಹಿಡಿದಿತ್ತು. ಸುತ್ತ ಕೈಬರಹದ ಕಟ್ಟುಗಳು, ತೊಡೆಯ ಮೇಲೆ ತನ್ನದೇ ಕಾದಂಬರಿ. ಅದನ್ನು ಅವನು ಹೀಗೆ ಬಿಡಿಸಿ ನೋಡುತ್ತಿರುವುದು ಇದೇ ಮೊದಲು. ಅಚ್ಚಾದ ಮೇಲೆ ತನ್ನ ಪುಸ್ತಕವನ್ನು ತಾನು ಓದುವುದಿಲ್ಲ ಎಂಬುದು ಅವನ ಹಟ. ಸಂದರ್ಶನಗಳಲ್ಲಿ ಅದನ್ನು ಕೇಳದಿದ್ದರೂ ಹೇಳುತ್ತಿದ್ದ. ಸಹಿ ಹಾಕಲು ಮೊದಲ ಪುಟ ತೆರೆದದ್ದುಂಟು, ಅದರಾಚೆ ಹೋಗಿರಲಿಲ್ಲ. ಸಭೆಯಲ್ಲಿ ಯಾರಾದರೂ ಓದಿ ಎಂದರೆ ಆರಂಭದ ಪ್ಯಾರಾವನ್ನು ಬಾಯಿಪಾಠ ಒಪ್ಪಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದ. ಅದು ಹಟವೋ ಹೆದರಿಕೆಯೋ ಎಂದು ಯಾರೂ ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ.

ಬೆಳಿಗ್ಗೆ ಪ್ರಕಾಶಕ ಫೋನು ಮಾಡದೇ ಇದ್ದಿದ್ದರೆ ಇದೂ ಆಗುತ್ತಿರಲಿಲ್ಲ. ಮಧ್ಯಾಹ್ನ ಗ್ರಂಥಾಲಯದ ಸಭಾಂಗಣದಲ್ಲಿ ಮೂವರು ಲೇಖಕರ ಸಂವಾದ. ಬಾಗಿಲ ಬಳಿ ಒಂದು ಗಾಜಿನ ಪೆಟ್ಟಿಗೆ ಇಟ್ಟು ಮೂವರ ಕೈಬರಹವನ್ನೂ ಪ್ರದರ್ಶಿಸುತ್ತಾರಂತೆ. “ಏಳನೆಯ ಅಧ್ಯಾಯದ ಕೊನೇ ಹಾಳೆ ತನ್ನಿ ಸರ್. ಜನ ಅದನ್ನೇ ಕೇಳೋದು,” ಎಂದಿದ್ದ ಪ್ರಕಾಶಕ.

ಹೌದು, ಜನ ಅದನ್ನೇ ಕೇಳುತ್ತಿದ್ದರು. ಎರಡು ವರ್ಷ, ಮೂರು ಮುದ್ರಣ, ಒಂದು ಬಹುಮಾನ. ಎಲ್ಲೆಲ್ಲೂ ಒಂದೇ ಮಾತು: ಏಳನೆಯ ಅಧ್ಯಾಯದ ಕೊನೆ ಇದೆಯಲ್ಲ, ಆಹಾ! ಅವನು ತಲೆ ತಗ್ಗಿಸಿ ನಗುತ್ತಿದ್ದ. ಅವನ ಮನಸ್ಸಿನಲ್ಲಿದ್ದದ್ದು ಈ ಎರಡು ಹಾಳೆಗಳು, ಹದಿನೈದು ಮತ್ತು ಹದಿನಾರು. ಜನ ಹೊಗಳಿದ್ದು ಅರ್ಧ ಪುಟದ ಖಾಲಿಯನ್ನು.

ಅವನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಅದನ್ನು ಓದಬಲ್ಲ ಜೀವ ಭೂಮಿಯ ಮೇಲೆ ಒಂದೇ, ಅವನ ಹೆಂಡತಿ. ಐದು ಪುಸ್ತಕಗಳನ್ನೂ ಟೈಪು ಮಾಡಿದವಳು ಅವಳು, ಕರಡು ತಿದ್ದಿದವಳೂ ಅವಳು. ಹಾಳೆ ಹಿಂದುಮುಂದಾಗದಿರಲೆಂದು ಪ್ರತಿ ಹಾಳೆಯ ಅಡಿಯಲ್ಲಿ, ಬಲಮೂಲೆಗೆ, ಮುಂದಿನ ಹಾಳೆಯ ಮೊದಲ ಪದವನ್ನು ಬರೆದಿಡುವ ಅಭ್ಯಾಸ ಅವನಿಗೆ. ಹೀಗಿದ್ದ ಮೇಲೆ ಎರಡು ಹಾಳೆ ಕಣ್ತಪ್ಪಿ ಹೋಗುವಂತಿಲ್ಲ.

ಅವನು ಹದಿನೈದನೆಯ ಹಾಳೆ ಎತ್ತಿಕೊಂಡು ಓದಿದ. ಹಾಸಿಗೆ ಹಿಡಿದ ಅಪ್ಪ ನೀರು ನೀರು ಎಂದು ಕೂಗುತ್ತಾನೆ. ಮಗಳು ಬಾಗಿಲ ಹೊರಗೆ ಲೋಟ ಹಿಡಿದು ನಿಂತಿದ್ದಾಳೆ, ಒಳಗೆ ಹೋಗುವುದಿಲ್ಲ. ಅಪ್ಪ ಹನ್ನೊಂದು ಸಲ ಕೂಗುತ್ತಾನೆ. ಹನ್ನೆರಡನೆಯ ಸಲ ಕೂಗುವುದಿಲ್ಲ. ಆಮೇಲೆ ಮಗಳು ಆ ನೀರನ್ನು ತಾನೇ ಕುಡಿದು, ಲೋಟ ತೊಳೆದು ಬೋರಲು ಹಾಕುತ್ತಾಳೆ.

ಚೆನ್ನಾಗಿತ್ತು. ತಾನು ಬರೆದದ್ದರಲ್ಲೆಲ್ಲ ಇದೇ ಚೆನ್ನಾಗಿದೆ ಎಂದು ಅವನಿಗೆ ಖಾತ್ರಿಯಾಯಿತು.

ಅದು ಅವನ ಕಲ್ಪನೆಯಲ್ಲ. ಹತ್ತು ವರ್ಷದ ಹಿಂದೆ ಒಂದು ಸಂಜೆ ಕರೆಂಟು ಹೋಗಿದ್ದಾಗ ಹೆಂಡತಿಯೇ ಹೇಳಿದ್ದು. ಮೂರು ವರ್ಷ ಅವಳ ಅಪ್ಪನನ್ನು ನೋಡಿಕೊಂಡವಳು ಅವಳೊಬ್ಬಳೇ. ಅವಳ ತಮ್ಮ ಆಗ ದೂರದ ಊರಿನಲ್ಲಿ ಕೆಲಸದಲ್ಲಿದ್ದ. “ಯಾರಿಗೂ ಹೇಳಬೇಡಿ,” ಎಂದಿದ್ದಳು. “ಹೇಳಲ್ಲ,” ಎಂದಿದ್ದ. ಹೇಳಿರಲಿಲ್ಲ. ಬರೆದಿದ್ದ. ಬರೆದು ಅವಳ ಕೈಗೇ ಟೈಪು ಮಾಡಲು ಕೊಟ್ಟಿದ್ದ.

ಅಡುಗೆಮನೆಯಲ್ಲಿ ಅವಳು ಬಟಾಣಿ ಸುಲಿಯುತ್ತಿದ್ದಳು. ಅವನು ಹಾಳೆಗಳನ್ನು ಹಿಡಿದು ಬಾಗಿಲಲ್ಲಿ ನಿಂತ.

“ಇವೆರಡು ಟೈಪೇ ಆಗಿಲ್ವಲ್ಲ?”

“ಯಾವುದು?”

“ಏಳನೇದರ ಕೊನೆ.”

“ಓ, ಅದಾ.” ಅವಳ ಬೆರಳು ನಿಲ್ಲಲಿಲ್ಲ. ಒಂದು ಕಾಯಿ ಸುಲಿದಳು, ಇನ್ನೊಂದು ಸುಲಿದಳು. “ಎರಡು ವರ್ಷ ಆಯ್ತಲ್ಲ ಪುಸ್ತಕ ಬಂದು.”

“ಮರೆತೆಯಾ?”

“ಇಲ್ಲ.”

“ಹೇಳಬಹುದಿತ್ತು.”

“ನೀವೂ ಕೇಳಬಹುದಿತ್ತು. ಬರೆಯೋ ಮುಂಚೆ.” ಅವಳು ತಲೆ ಎತ್ತಿದಳು. ಕೋಪವಿರಲಿಲ್ಲ, ಬಸ್ಸಿಗೆ ಕಾದು ಸುಸ್ತಾದವರ ಮುಖ ಅದು. “ಮೊದಲನೇ ಪ್ರತಿ ಬಂದ ದಿನ ಎದೆ ಹೊಡ್ಕೋತಾ ಇತ್ತು. ಈಗ ನೋಡ್ತಾರೆ, ಈಗ ಬೈತಾರೆ ಅಂತ. ಅವತ್ತು ನೀವು ಪುಸ್ತಕಾನ ಮೂಸಿ ನೋಡಿ ಕಪಾಟಿನಲ್ಲಿಟ್ರಿ.”

ಅವನು ಹಾಳೆಗಳ ಅಂಚು ಸರಿಮಾಡಿದ.

“ಇವತ್ತು ಅದನ್ನ ಅಲ್ಲಿಗೆ ತರಬೇಡಿ,” ಎಂದಳು. “ತಮ್ಮ ಬರ್ತಿದಾನೆ. ಅವನಿಗೆ ಗೊತ್ತಿಲ್ಲ. ಅವನಿಗೆ ನಾನು ಅಪ್ಪನ್ನ ನೋಡ್ಕೊಂಡ ಅಕ್ಕ. ನನಗೆ ಅಂತ ಉಳಿದಿರೋದು ಅದೊಂದೇ.”

“ಆಯ್ತು.”

“ಆಯ್ತು ಅಂದ್ರೆ?”

“ಆಯ್ತು ಅಂದ್ರೆ ಆಯ್ತು ಮಾರಾಯ್ತಿ.”

ಹದಿನಾಲ್ಕನೆಯ ಹಾಳೆಯನ್ನು ಗಾಜಿನ ಪೆಟ್ಟಿಗೆಗೆಂದು ಲಕೋಟೆಯಲ್ಲಿಟ್ಟ. ಉಳಿದೆರಡನ್ನು ಕಟ್ಟಿಗೆ ಸೇರಿಸಹೋದ ಕೈ ಅವುಗಳನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿತು. ಮನೆಯಲ್ಲಿ ಬಿಟ್ಟರೆ ಅವಳು ಹರಿದುಹಾಕಬಹುದು ಎಂದು ತನಗೆ ತಾನೇ ಕಾರಣ ಕೊಟ್ಟುಕೊಂಡ. ಅವನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಬೇಕಾದ ಉತ್ತರಕ್ಕೆ ಬೇಕಾದ ಕಾರಣ ಹೊಂದಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ.

ಹೆಂಡತಿಯ ತಮ್ಮ ಕಾರು ತಂದಿದ್ದ. ಪುಸ್ತಕ ಓದುವ ಪೈಕಿಯಲ್ಲದಿದ್ದರೂ ಭಾವನ ಭಾಷಣವೆಂದರೆ ಇಸ್ತ್ರಿ ಅಂಗಿ ತೊಟ್ಟು ಬರುವವನು. “ಇವತ್ತು ಎಲ್ಲರ ಬಾಯಿ ಮುಚ್ಚಿಸಬೇಕು ಭಾವ,” ಎಂದ. ದಾರಿಯುದ್ದಕ್ಕೂ ಅವನೊಬ್ಬನೇ ಮಾತಾಡಿದ.

ಸಭಾಂಗಣದ ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯ ಸುತ್ತ ಜನ ಬಗ್ಗಿ ನಿಂತಿದ್ದರು. ಹದಿನಾಲ್ಕನೆಯ ಹಾಳೆಯ ಮೇಲೆ ಪುಟ್ಟ ದೀಪ ಉರಿಯುತ್ತಿತ್ತು. ವೇದಿಕೆಯಿಂದ ನೋಡಿದಾಗ ಹೆಂಡತಿ ಮೂರನೆಯ ಸಾಲಿನಲ್ಲಿ, ತಮ್ಮನ ಪಕ್ಕ, ಕೈಚೀಲವನ್ನು ಮಡಿಲಲ್ಲಿ ಅವುಚಿ ಕುಳಿತಿದ್ದಳು.

ಅವನ ಎಡಗಡೆ ನಲವತ್ತೆರಡು ಪತ್ತೇದಾರಿ ಕಾದಂಬರಿ ಬರೆದ ಹಿರಿಯರು. ಬಲಗಡೆ ಒಬ್ಬ ಹುಡುಗಿ, ಸಣ್ಣಕತೆಗಾರ್ತಿ. ಅವಳ ಯಾವ ಕತೆಯೂ ಎರಡು ಪುಟ ದಾಟದ್ದರಿಂದ ಎಲ್ಲರೂ ಅವಳನ್ನು ಚುಟುಕು ಎನ್ನುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಸಂವಾದ ನಡೆಸಲು ಬಂದ ಪ್ರೊಫೆಸರ್ ಮೇಡಂ ಮೂವರ ಪುಸ್ತಕಗಳಲ್ಲೂ ಬಣ್ಣದ ಚೀಟಿ ಅಂಟಿಸಿಕೊಂಡು ಬಂದಿದ್ದರು.

“ಕೊನೆಯನ್ನು ಮೊದಲೇ ಯೋಚಿಸಿರ್ತೀರಾ?” ಮೇಡಂ ಹಿರಿಯರಿಂದ ಶುರುಮಾಡಿದರು.

“ಎಲ್ಲಿ ಬಂತು? ಕೊಲೆ ಮಾಡಿದೋನು ಯಾರು ಅಂತ ನನಗೂ ಕೊನೇ ಪುಟದಲ್ಲೇ ಗೊತ್ತಾಗೋದು. ಎಷ್ಟೋ ಸಲ ತಪ್ಪು ಮನುಷ್ಯನ್ನ ಹಿಡಿದಿದೀನಿ.”

ಸಭೆ ನಕ್ಕಿತು. ತಮ್ಮ ಎಲ್ಲರಿಗಿಂತ ಜೋರಾಗಿ ನಕ್ಕ. ಚುಟುಕು ತಾನು ಇಪ್ಪತ್ತು ಪುಟ ಬರೆದು ಹದಿನೆಂಟು ಹರಿಯುತ್ತೇನೆ ಎಂದಳು. ಯಾವುದನ್ನು ಉಳಿಸಬೇಕೆಂದು ಹೇಗೆ ಗೊತ್ತಾಗುತ್ತದೆ ಎಂದು ಮೇಡಂ ಕೇಳಿದರು. “ಯಾರಿಗೂ ಓದಿ ಹೇಳೋಕೆ ನಾಚಿಕೆ ಆಗುತ್ತಲ್ಲ, ಅದನ್ನ ಉಳಿಸ್ತೀನಿ.”

ಅವನು ಜೇಬು ಮುಟ್ಟಿಕೊಂಡ. ಹಾಳೆಗಳಿದ್ದವು.

ಮೇಡಂ ಈಗ ಅವನ ಪುಸ್ತಕ ಎತ್ತಿಕೊಂಡರು. “ಇನ್ನು ಆ ಖಾಲಿ ಅರ್ಧ ಪುಟ. ನಾನು ಪಾಠ ಮಾಡುವಾಗ ವಿದ್ಯಾರ್ಥಿಗಳಿಗೆ ಇದನ್ನೇ ತೋರಿಸೋದು. ಮಗಳು ನೀರು ತರ್ತಾಳೆ, ಬಾಗಿಲ ತನಕ ಬರ್ತಾಳೆ. ಲೇಖಕರು ಅಲ್ಲಿಗೆ ಪೆನ್ನು ಕೆಳಗಿಟ್ಟುಬಿಡ್ತಾರೆ. ಒಳಗೆ ಹೋದಳಾ, ಇಲ್ಲವಾ? ಎಂಥಾ ಸಂಯಮ! ಈ ಕೊನೆ ನಿಮಗೆ ಹೇಗೆ ಸಿಕ್ಕಿತು?”

ಹೆಂಡತಿ ಅವನನ್ನೇ ನೋಡುತ್ತಿದ್ದಳು.

“ಕೊನೆ ಸಿಗೋದಲ್ಲ,” ಎಂದ. “ಬಿಡೋದು. ಎಲ್ಲಿ ಬಿಡಬೇಕು ಅನ್ನೋದೇ ಕಸುಬು.” ಮಾತು ತಾನಾಗಿ ಬಂತು, ಚೆನ್ನಾಗಿಯೂ ಬಂತು. ಸಭೆಯಲ್ಲಿ ಯಾರೋ ಅದನ್ನು ಬರೆದುಕೊಂಡರು. ಅಷ್ಟಕ್ಕೇ ನಿಂತಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು.

“ಒಂದ್ನಿಮಿಷ ಸರ್,” ಚುಟುಕು ಮೈಕಿಗೆ ಬಗ್ಗಿದಳು. “ಗಾಜಿನ ಪೆಟ್ಟಿಗೆ ಒಳಗಿರೋ ಹಾಳೆನ ಪುಸ್ತಕದ ಜೊತೆ ಹೋಲಿಸಿ, ಅಕ್ಷರ ಅಕ್ಷರ ಕೂಡಿಸಿ ಓದಿದೆ. ಬಾಗಿಲ ತನಕ ಬಂದಳು, ಸರಿ. ಅದರ ಕೆಳಗೆ ಮೂಲೇಲಿ ‘ನಿಂತಳು’ ಅಂತ ಒಂದು ಪದ ಇದೆ. ಪುಸ್ತಕದಲ್ಲಿ ಅದು ಇಲ್ಲ. ಅದೇನು?”

ಆ ಮೂಲೆಯನ್ನು ಅವನು ಮರೆತೇಬಿಟ್ಟಿದ್ದ. ಮೂವತ್ತು ವರ್ಷದ ಅಭ್ಯಾಸ, ಕಣ್ಣಿಗೆ ಕಂಡರೂ ಕಾಣುತ್ತಿರಲಿಲ್ಲ.

“ಮುಂದಿನ ಹಾಳೆಯ ಮೊದಲ ಪದ,” ಎಂದ.

“ಹಾಗಿದ್ರೆ ಮುಂದಿನ ಹಾಳೆ ಇತ್ತು.”

“ಇತ್ತು.”

ಸಭೆಯಲ್ಲಿ ಗುಸುಗುಸು ಎದ್ದಿತು. ಮೇಡಂ ಕುರ್ಚಿಯ ತುದಿಗೆ ಬಂದರು. ಅವನು ಏನು ಬೇಕಾದರೂ ಹೇಳಬಹುದಿತ್ತು. ಚೆನ್ನಾಗಿರಲಿಲ್ಲ, ಹರಿದೆ ಎನ್ನಬಹುದಿತ್ತು. ನನ್ನ ಹೆಂಡತಿ ತೆಗೆದಳು, ನೀವು ಇಷ್ಟು ದಿನ ಹೊಗಳಿದ್ದು ಅವಳನ್ನು ಎನ್ನಬಹುದಿತ್ತು. ಆ ಎರಡನೆಯದು ನಾಲಿಗೆಯ ತುದಿಗೆ ಬಂದದ್ದೂ ನಿಜ. ಆದರೆ ಇನ್ನೂರು ಜನ ಉಸಿರು ಹಿಡಿದು ಅವನ ಬಾಯನ್ನೇ ನೋಡುತ್ತಿದ್ದರು. ಅವನಿಗೆ ಅದು ಹಿತವಾಗಿತ್ತು.

“ಬರೆದಿದ್ದೆ,” ಎಂದ. “ಆಮೇಲೆ ತೆಗೆದೆ. ತೆಗೆಯೋಕೆ ಆರು ತಿಂಗಳು ಬೇಕಾಯ್ತು.”

ಚಪ್ಪಾಳೆ ಬಿತ್ತು. ಆರು ತಿಂಗಳು ಎಂಬುದು ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ. ಮೂರನೆಯ ಸಾಲಿನಲ್ಲಿ ಹೆಂಡತಿ ಚಪ್ಪಾಳೆ ತಟ್ಟಲಿಲ್ಲ. ಕೈಚೀಲ ಬಿಟ್ಟಿರಲಿಲ್ಲ.

“ಏನಿತ್ತು ಅದರಲ್ಲಿ?” ಮೇಡಂ ಕೇಳಿದರು.

“ಬೇಡ ಬಿಡಿ.”

“ಹೇಳಿ ಸರ್. ಇವತ್ತಿಗೊಂದು ದಿನ.”

ಹೆಂಡತಿ ಮೆಲ್ಲಗೆ ತಲೆಯಾಡಿಸಿದಳು. ಬೇಡ. ಆ ದೂರದಿಂದಲೂ ಸ್ಪಷ್ಟವಾಗಿ ಕಂಡಿತು. ಕಾಣಲಿಲ್ಲ ಎಂದು ಮುಂದೆಂದೂ ಹೇಳಿಕೊಳ್ಳುವಂತಿರಲಿಲ್ಲ.

ಅವನು ಹಾಳೆಗಳನ್ನು ಹೊರಗೆ ತೆಗೆಯಲಿಲ್ಲ. ಅಷ್ಟು ಮಟ್ಟಿಗೆ ಮಾತು ಉಳಿಸಿಕೊಂಡ. ಬಾಯಲ್ಲಿ ಹೇಳಿದ. ದನಿ ತಗ್ಗಿಸಿ, ನಡುನಡುವೆ ನಿಲ್ಲಿಸಿ, ಅಪ್ಪ ಕೂಗಿದ್ದು ಹೇಳಿದ, ಮಗಳು ನಿಂತದ್ದು ಹೇಳಿದ. “ಹನ್ನೊಂದು ಸಲ,” ಎಂದು ಸುಮ್ಮನಾದ. ಆಮೇಲೆ ನೀರು ಕುಡಿದದ್ದನ್ನೂ, ಲೋಟ ತೊಳೆದು ಬೋರಲು ಹಾಕಿದ್ದನ್ನೂ ಹೇಳಿದ.

“ಎಲ್ಲಿಂದ ಬಂತು ಸರ್ ಇದು?” ಚುಟುಕು ಅವನನ್ನು ವಿಚಿತ್ರವಾಗಿ ನೋಡಿದಳು.

“ಕಲ್ಪನೆ.”

“ಆ ಲೋಟ ಬೋರಲು ಹಾಕಿದ್ದೂ?”

“ಎಲ್ಲ.”

ಆಮೇಲೆ ಸಭೆಯ ಪ್ರಶ್ನೆಗಳು, ಮತ್ತೆ ಒಂದು ಗಂಟೆ ಮಾತು. ಗಂಟಲು ಕಟ್ಟಿತು. ಸಹಿಗೆ ನಿಂತವರು ಮೊದಲ ಪುಟ ತೆರೆಯದೆ ಏಳನೆಯ ಅಧ್ಯಾಯದ ಕೊನೆ ತೆರೆದು ಅಲ್ಲೇ ಹಾಕಿ ಎಂದರು. ಹಾಕಿದ. ಖಾಲಿ ಜಾಗ ಬೇಕಾದಷ್ಟಿತ್ತು. ಒಬ್ಬಾಕೆ ಕಣ್ಣೊರೆಸಿಕೊಂಡು, “ಆ ಮಗಳನ್ನ ನಾನು ಕ್ಷಮಿಸೋದಿಲ್ಲ,” ಎಂದಳು. “ಅದು ನಿಮಗೆ ಬಿಟ್ಟಿದ್ದು,” ಎಂದು ಅವನು ಸೌಜನ್ಯದಿಂದ ಹೇಳಿದ. ಪತ್ತೇದಾರಿ ಹಿರಿಯರು ಹೋಗುವಾಗ ಅವನ ಹೆಗಲ ಮೇಲೆ ಕೈಯಿಟ್ಟರು. “ಹನ್ನೊಂದು ಅನ್ನೋದು ಕಲ್ಪನೆ ಅಲ್ಲ ಬಿಡಯ್ಯ. ಕಲ್ಪನೆ ಆಗಿದ್ರೆ ಹತ್ತೋ ಹನ್ನೆರಡೋ ಅಂತಿದ್ದೆ.” ಅವನು ನಗಲು ನೋಡಿದ. ಕೆಮ್ಮು ಬಂತು.

ಕಾರಿನಲ್ಲಿ ತಮ್ಮ ಎರಡು ಸಿಗ್ನಲ್ ದಾಟಿದ ಮೇಲೆ ಕನ್ನಡಿಯಲ್ಲಿ ನೋಡುತ್ತ ಕೇಳಿದ.

“ಭಾವ, ಅದು ಕಲ್ಪನೆ ತಾನೇ?”

“ಹೂಂ ಕಣಯ್ಯ.”

“ಅಲ್ಲ, ಅಪ್ಪ ಹೋದಾಗ ಪಕ್ಕದ ಮನೆಯವರು ಒಂದು ಮಾತು ಹೇಳಿದ್ರು. ಅವತ್ತು ಅಪ್ಪ ತುಂಬ ಹೊತ್ತು ಕೂಗ್ತಾ ಇದ್ರಂತೆ. ಅಕ್ಕ ಅಂಗಡಿಗೆ ಹೋಗಿರಬೇಕು ಅಂದ್ಕೊಂಡಿದ್ದೆ ನಾನು.” ಗೇರು ಬದಲಿಸಿದ. “ಅಕ್ಕಾ, ಅಂಗಡಿಗೆ ಹೋಗಿದ್ದೆ ತಾನೇ?”

ಹಿಂದಿನ ಸೀಟಿನಲ್ಲಿ ಅವಳು ಗಂಡನ ಪಕ್ಕದಲ್ಲೇ ಇದ್ದಳು. ಇಬ್ಬರ ನಡುವೆ ಕೈಚೀಲ, ಅದರ ಮೇಲೆ ಸಂಘಟಕರು ಕೊಟ್ಟ ಹೂಗುಚ್ಛ.

“ಎಡಕ್ಕೆ ತಿರುಗಿಸು,” ಎಂದಳು. “ಮುಂದೆ ರಸ್ತೆ ಅಗೆದಿದ್ದಾರೆ.”

ತಮ್ಮ ಎಡಕ್ಕೆ ತಿರುಗಿಸಿದ. ಮನೆ ಬರುವ ತನಕ ಇನ್ನೇನೂ ಕೇಳಲಿಲ್ಲ. ಯಾವಾಗಲೂ ಒಳಗೆ ಬಂದು ಕಾಫಿ ಕುಡಿದು ಹೋಗುವವನು ಇಂದು ಇಂಜಿನ್ ಆರಿಸಲೇ ಇಲ್ಲ. ಅಕ್ಕನ ಕಡೆಗೂ ನೋಡಲಿಲ್ಲ. ಕಾರು ತಿರುವಿನಲ್ಲಿ ಮರೆಯಾಗುವ ತನಕ ಅವಳು ಗೇಟಿನಲ್ಲಿ ನಿಂತಿದ್ದಳು. ತಾನು ಅವಳ ತಮ್ಮನನ್ನು ಅವಳಿಂದ ಕಿತ್ತುಕೊಂಡೆ ಎಂದು ಅವನಿಗೆ ಆಗ ಗೊತ್ತಾಯಿತು. ನಾಚಿಕೆಯಾಯಿತು. ಅದನ್ನು ಹೇಗೆ ಹೇಳಬೇಕೆಂದು ಯೋಚಿಸುತ್ತ ಅವನು ಬೀಗ ತೆಗೆದ, ಚಪ್ಪಲಿ ಬಿಟ್ಟ, ತನ್ನ ಕೋಣೆಗೆ ಹೋದ. ಹೇಳಲಿಲ್ಲ.

ಗಾಳಿಗೋ ಏನೋ ಕೋಣೆಯ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಕಿಟಕಿಯಲ್ಲಿ ಇನ್ನೂ ಸಂಜೆಯ ಬೆಳಕಿತ್ತು. ಗಂಟಲಿನಲ್ಲಿ ಮರಳು ತುಂಬಿದ ಹಾಗಾಗಿ ಉಗುಳು ನುಂಗಲೂ ಆಗುತ್ತಿರಲಿಲ್ಲ. ಅವಳು ಒಳಗೆ ಬಂದದ್ದು, ಅಡುಗೆಮನೆಯ ದೀಪ ಹಾಕಿದ್ದು ಕೇಳಿಸಿತು.

“ಸ್ವಲ್ಪ ನೀರು ಕೊಡ್ತೀಯಾ?” ಎಂದು ಕೂಗಿದ. ದನಿ ಒಡೆದು ಬಂತು.

ನಲ್ಲಿ ತಿರುಗಿಸಿದ ಸದ್ದು. ಲೋಟ ತುಂಬಿದ ಸದ್ದು. ನಲ್ಲಿ ನಿಂತಿತು. ಹೆಜ್ಜೆಗಳು ಹಜಾರ ದಾಟಿ ಕೋಣೆಯ ಬಾಗಿಲ ತನಕ ಬಂದವು.

ನಿಂತವು.

ಬಾಗಿಲ ಕೆಳಗಿನ ಸಂದಿಯಲ್ಲಿ ಹಜಾರದ ಬೆಳಕಿನ ಗೆರೆ. ಆ ಗೆರೆಯಲ್ಲಿ ಎರಡು ಪಾದಗಳ ನೆರಳು.

“ನೀರು ತಗೊಂಡು ಬಾ,” ಎಂದ.

ನೆರಳು ಕದಲಲಿಲ್ಲ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅವನ ಕುರ್ಚಿಯಿಂದ ಅಲ್ಲಿಗೆ ನಾಲ್ಕು ಹೆಜ್ಜೆ. ಎದ್ದು ಹೋಗಿ ತೆಗೆದರೆ ಅವಳ ಮುಖ ನೋಡಬೇಕಾಗುತ್ತಿತ್ತು. ಏನಾದರೂ ಹೇಳಬೇಕಾಗುತ್ತಿತ್ತು. ಹೇಳುವುದೆಲ್ಲ ಇನ್ನೂರು ಜನರ ಮುಂದೆ ಹೇಳಿ ಮುಗಿದಿತ್ತು.

“ನೀರು,” ಎಂದ. ಅದು ಮೂರನೆಯ ಸಲ. ಎಣಿಸುತ್ತಿದ್ದೇನೆ ಎಂದು ಆಗ ಅವನ ಅರಿವಿಗೆ ಬಂತು. ಹತ್ತು ವರ್ಷದಲ್ಲಿ ಅವನು ಅವಳನ್ನು ಎಷ್ಟೋ ಕೇಳಿದ್ದ: ಲೋಟ ಸ್ಟೀಲಿನದೋ ಗಾಜಿನದೋ, ಅಪ್ಪ ಎಷ್ಟು ಸಲ ಕೂಗಿದರು, ಹೊತ್ತು ಎಷ್ಟಾಗಿತ್ತು. ಅಲ್ಲಿ ನಿಂತಾಗ ನಿನಗೆ ಹೇಗಾಗಿತ್ತು ಎಂದು ಒಂದು ಸಲವೂ ಕೇಳಿರಲಿಲ್ಲ.

ಈಗ ಕೇಳಬಹುದಿತ್ತು. ಬಾಯಿ ತೆರೆದ.

“ಸ್ವಲ್ಪ ನೀರು...” ಎಂದಿತು ಬಾಯಿ. ನಾಲ್ಕು.

ಮೇಜಿನ ಮೇಲೆ ಕಾದಂಬರಿ ಬೆಳಿಗ್ಗೆ ಬಿಟ್ಟಂತೆಯೇ ತೆರೆದುಕೊಂಡಿತ್ತು. ಅವನು ಅದನ್ನು ಹತ್ತಿರಕ್ಕೆಳೆದುಕೊಂಡ. ಸಹಿ ಹಾಕಿದ ಪೆನ್ನು ಇನ್ನೂ ಜೇಬಿನಲ್ಲಿತ್ತು, ಆ ಎರಡು ಹಾಳೆಗಳ ಪಕ್ಕ. ಖಾಲಿ ಅರ್ಧ ಪುಟದ ಮೇಲೆ, ತನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರದಲ್ಲಿ, ಬೆಳಕಿನ ಗೆರೆ ಎಂದು ಬರೆದ. ಎರಡು ಪಾದಗಳ ನೆರಳು ಎಂದು ಬರೆದ. ಎಡಪಾದ ತುಸು ಮುಂದೆ ಎಂದು, ಬಗ್ಗಿ ನೋಡಿ ಖಚಿತಪಡಿಸಿಕೊಂಡು, ಬರೆದ. ಗಂಟಲು ಉರಿಯುತ್ತಿತ್ತು. ಐದನೆಯ ಸಲ ಕೂಗಿದ. ಅದನ್ನೂ ಬರೆದುಕೊಂಡ. ಪುಟದ ಅಡಿಗೆ ಬಂದಾಗ ಕೈ ಅಭ್ಯಾಸದಂತೆ ಬಲಮೂಲೆಗೆ ಸರಿದು, ಮುಂದಿನ ಹಾಳೆಯ ಮೊದಲ ಪದಕ್ಕಾಗಿ ಕಾದು ನಿಂತಿತು.